ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದವನು: ಸರ್ ವಿಲಿಯಂ ಹಗಿನ್ಸ್

ನಕ್ಷತ್ರಗಳ ದೂರವನ್ನೂ ಚಲನೆಯನ್ನೂ ಮನುಷ್ಯನು ಅಳೆಯಬಲ್ಲನು. ಆದರೆ ಅವು ಯಾವ ಪದಾರ್ಥದಿಂದ ಆದುವೆಂಬುದನ್ನು ಮಾತ್ರ ಎಂದೆಂದಿಗೂ ಅರಿಯಲಾರನು. ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಆಗಸ್ಟ್ ಕೋಂತ್ 1835ರಲ್ಲಿ ಹೀಗೆ ತೀರ್ಮಾನಿಸಿದ್ದನು. ಆ ಕಾಲಕ್ಕೆ ಅದು ವಿವೇಕದ ತೀರ್ಮಾನವೇ ಆಗಿತ್ತು. ನಕ್ಷತ್ರದ ಒಂದು ಚೂರನ್ನು ತಂದು ಪ್ರಯೋಗಶಾಲೆಯ ಮೇಜಿನ ಮೇಲಿಡುವವರು ಯಾರು? ಆದರೂ ಮೂವತ್ತು ವರ್ಷ ತುಂಬುವುದರೊಳಗೆ ಆ ತೀರ್ಮಾನ ಸುಳ್ಳಾಯಿತು. ಅದನ್ನು ಸುಳ್ಳು ಮಾಡಿದವರಲ್ಲಿ ಮುಖ್ಯನಾದವನೊಬ್ಬನಿಗೆ ವಿಶ್ವವಿದ್ಯಾನಿಲಯದ ಓದು ದೊರೆತಿರಲಿಲ್ಲ. ಅವನು ಲಂಡನ್ನಿನ ಪೇಟೆಯಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದವನು. ಅವನ ಹೆಸರು ವಿಲಿಯಂ ಹಗಿನ್ಸ್.

ಈ ಆಂಗ್ಲೇಯನ ಬಾಳು ಬೆಂಗಳೂರಿನ ವಿದ್ಯಾರ್ಥಿಗಳಾದ ನಮಗೆ ಪರಕೀಯವೆಂದು ತೋರಬಹುದು. ಹಾಗೆ ತಿಳಿಯಬೇಕಾಗಿಲ್ಲ. ಅವನು ಕಂಡುಹಿಡಿದ ಕ್ರಮವು ನಾಲ್ಕೇ ವರ್ಷಗಳಲ್ಲಿ ನಮ್ಮ ಊರಿಗೂ ಬಂದಿತು. ಇಂದು ತ್ಯಾಗರಾಜನಗರದ ಒಂದು ಮನೆಯ ತಾರಸಿಯ ಮೇಲೆ ದೂರದರ್ಶಕವನ್ನಿಟ್ಟು, ಬೀದಿದೀಪಗಳ ನಡುವೆಯೂ ನೀಹಾರಿಕೆಯನ್ನು ನೋಡಲು ಸಾಧ್ಯವಾಗುವುದು ಅವನು ಕಂಡುಕೊಂಡ ಒಂದು ಸಂಗತಿಯ ಬಲದಿಂದ.

ಹಗಿನ್ಸನು ಹುಟ್ಟಿದುದು 1824ರ ಫೆಬ್ರವರಿ 7ರಂದು, ಲಂಡನ್ನಿನ ಕಾರ್ನ್‌ಹಿಲ್ ಎಂಬಲ್ಲಿ. ತಂದೆಯದು ರೇಷ್ಮೆ ಬಟ್ಟೆಯ ಅಂಗಡಿ. ಹುಡುಗನು ಸ್ವಲ್ಪ ಕಾಲ ಸಿಟಿ ಆಫ್ ಲಂಡನ್ ಶಾಲೆಗೆ ಹೋದನು; ಮಿಕ್ಕ ಓದೆಲ್ಲ ಮನೆಪಾಠದಿಂದಲೇ ನಡೆಯಿತು. ಕೇಂಬ್ರಿಜ್ಜಿಗೆ ಹೋಗಿ ಓದಬೇಕೆಂಬ ಆಸೆ ಅವನಿಗಿತ್ತು. ಮನೆಯ ವ್ಯಾಪಾರವನ್ನು ನೋಡಿಕೊಳ್ಳಬೇಕಾಗಿ ಬಂದುದರಿಂದ ಆ ಆಸೆ ಕೈಗೂಡಲಿಲ್ಲ. ಹಗಲೆಲ್ಲ ಅಂಗಡಿ, ಬಿಡುವಾದಾಗ ಸೂಕ್ಷ್ಮದರ್ಶಕ, ದೂರದರ್ಶಕ, ರಸಾಯನದ ಪ್ರಯೋಗ. ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಮೂವತ್ತರ ವಯಸ್ಸಿನ ಸುಮಾರಿಗೆ ಅವನು ವ್ಯಾಪಾರವನ್ನು ಮಾರಿ, 1856ರಲ್ಲಿ ಲಂಡನ್ನಿನ ದಕ್ಷಿಣಕ್ಕಿದ್ದ ಟಲ್ಸ್ ಹಿಲ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದನು. ಮನೆಗೆ ಸೇರಿದಂತೆ ಸಣ್ಣದೊಂದು ವೀಕ್ಷಣಾಲಯವನ್ನೂ ಕಟ್ಟಿಸಿಕೊಂಡನು.

1858ರಲ್ಲಿ ಅವನು ಡಾಸ್ ಎಂಬ ಪಾದ್ರಿಯಿಂದ ಎಂಟು ಅಂಗುಲ ವ್ಯಾಸದ ಮಸೂರವೊಂದನ್ನು 200 ಪೌಂಡು ಕೊಟ್ಟು ಕೊಂಡನು. ಅಮೆರಿಕದ ಆಲ್ವನ್ ಕ್ಲಾರ್ಕ್ ಎಂಬ ಪ್ರಸಿದ್ಧ ಕುಶಲಿಯು ಉಜ್ಜಿ ಸಿದ್ಧಪಡಿಸಿದ್ದ ಮಸೂರ ಅದು. ಎಂಟು ಅಂಗುಲವೆಂಬ ಈ ಅಳತೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂದು ಆಕಾಶ ನೋಡುವ ಹವ್ಯಾಸಿಗಳು ಬಳಸುವ ದೂರದರ್ಶಕಗಳಲ್ಲಿ ಎಂಟು ಅಂಗುಲದ ಕನ್ನಡಿಯುಳ್ಳದ್ದು ತೀರ ಸಾಮಾನ್ಯವಾದುದು. ಹಗಿನ್ಸನ ಕೈಯಲ್ಲಿದ್ದ ಗಾಜು ಅದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

ಆದರೆ ಗ್ರಹಗಳನ್ನು ನೋಡಿ ಚಿತ್ರ ಬರೆಯುವ ಕೆಲಸದಲ್ಲಿ ಅವನಿಗೆ ತೃಪ್ತಿ ಸಿಗಲಿಲ್ಲ. ಅದನ್ನು ಮಾಡುವವರು ಬೇಕಾದಷ್ಟು ಮಂದಿ ಇದ್ದರು. ಆ ವೇಳೆಗೆ, 1859ರಲ್ಲಿ, ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಒಂದು ದೊಡ್ಡ ರಹಸ್ಯವನ್ನು ಬಯಲು ಮಾಡಿದ್ದರು. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂಥ ವರ್ಣಪಟಲ ದೊರೆಯುತ್ತದಷ್ಟೆ. ಕಾದ ಘನವಸ್ತುವಿನ ಬೆಳಕಾದರೆ ಆ ಪಟ್ಟಿ ಎಲ್ಲಿಯೂ ಕಡಿಯದೆ ಹರಡಿರುತ್ತದೆ. ಬೆಳಗುವ ವಿರಳ ಅನಿಲದ ಬೆಳಕಾದರೆ ಪಟ್ಟಿ ಕಾಣುವುದಿಲ್ಲ. ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವ ಗೆರೆ ಮಾತ್ರ ಕಾಣುತ್ತದೆ. ಈ ಗೆರೆಗಳ ಸ್ಥಾನ ಒಂದೊಂದು ಮೂಲವಸ್ತುವಿಗೆ ಒಂದೊಂದು ಬಗೆ. ಅವು ಆ ವಸ್ತುವಿನ ಸಹಿ ಇದ್ದಂತೆ. ಸೂರ್ಯನಲ್ಲಿ ಸೋಡಿಯಂ, ಕಬ್ಬಿಣ ಮೊದಲಾದವು ಇರುವುದನ್ನು ಕಿರ್ಖಾಫನು ಹೀಗೆಯೇ ತೋರಿಸಿದನು. ಈ ಸುದ್ದಿ ಹಗಿನ್ಸನಿಗೆ ಬಾಯಾರಿದವನಿಗೆ ಚಿಲುಮೆ ಸಿಕ್ಕಿದಂತಾಯಿತು. ಕಿಂಗ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಆಲನ್ ಮಿಲ್ಲರ್ ಅವನ ನೆರೆಮನೆಯವನು. 1862ರಲ್ಲಿ ಇಬ್ಬರೂ ಕೂಡಿ ದೂರದರ್ಶಕದ ತುದಿಗೆ ವರ್ಣಪಟಲದರ್ಶಕವನ್ನು ಜೋಡಿಸಿ ನಕ್ಷತ್ರಗಳನ್ನು ಪರೀಕ್ಷಿಸತೊಡಗಿದರು.

ವೀಕ್ಷಣಾಲಯದ ಸ್ವರೂಪವೇ ಬದಲಾಯಿತು. ಕಿಟಕಿಯ ಹೊರಗೆ ವಿದ್ಯುತ್ಕೋಶಗಳು. ಒಳಗೆ ಕಿಡಿ ಹಾರಿಸುವ ಸುರುಳಿ, ಬುನ್ಸೆನ್ ದೀಪ, ಗೋಡೆಯುದ್ದಕ್ಕೂ ರಾಸಾಯನಿಕಗಳ ಸೀಸೆಗಳು. ನಕ್ಷತ್ರದ ಬೆಳಕಿನ ಪಕ್ಕದಲ್ಲಿಯೇ ಭೂಮಿಯ ಲೋಹದ ಕಿಡಿಯ ಬೆಳಕನ್ನೂ ತಂದು ನಿಲ್ಲಿಸಿ, ಗೆರೆಗೆ ಗೆರೆ ಹೊಂದುವುದೇ ಎಂದು ನೋಡುವುದು ಅವರ ಕ್ರಮ. ನಾವಿರುವ ಭೂಮಿಯ ಮೂಲವಸ್ತುಗಳೇ ನಕ್ಷತ್ರಗಳಲ್ಲಿಯೂ ಇವೆಯೆಂಬುದು ಇದರಿಂದ ಸ್ಥಿರಪಟ್ಟಿತು.

ಇನ್ನು ನೀಹಾರಿಕೆಗಳ ಪ್ರಶ್ನೆ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು ಆಕಾಶವನ್ನು ಜಾಲಿಸುತ್ತಿದ್ದಾಗ, ಮಂಕಾದ ಹಸಿರು ಛಾಯೆಯ, ದುಂಡಗಿನ ಕೆಲವು ಪುಟ್ಟ ಬಿಲ್ಲೆಗಳನ್ನು ಕಂಡನು. ನೋಟಕ್ಕೆ ಅವು ಯುರೇನಸ್ಸಿನಂತೆಯೇ ಇದ್ದುವಾದುದರಿಂದ ಅವಕ್ಕೆ ಗ್ರಹನೀಹಾರಿಕೆಗಳೆಂದು ಹೆಸರಿಟ್ಟನು. ಗ್ರಹಗಳಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ಉಳಿದುಕೊಂಡಿತು. ಅವು ನಿಜವಾಗಿ ಏನು? ದೂರದ ನಕ್ಷತ್ರಗಳ ಗುಂಪೇ? ಅಥವಾ ಹೊಳೆಯುವ ಯಾವುದೋ ದ್ರವ್ಯವೇ? 1790ರಲ್ಲಿ, ನಡುವೆ ಒಂದೇ ನಕ್ಷತ್ರವಿದ್ದು ಸುತ್ತ ಮಂಜು ಕವಿದಂತಿದ್ದ ನೀಹಾರಿಕೆಯೊಂದನ್ನು ಕಂಡಮೇಲೆ ಹರ್ಷೆಲನು ಎರಡನೆಯ ಪಕ್ಷಕ್ಕೆ ಒಲಿದನು. ಆದರೆ 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಅಂಗುಲದ ಭಾರಿ ಕನ್ನಡಿಯನ್ನು ಕಟ್ಟಿದ ಮೇಲೆ, ಹಲವು ನೀಹಾರಿಕೆಗಳು ನಕ್ಷತ್ರಗಳಾಗಿ ಒಡೆದು ಕಾಣುತ್ತಿವೆಯೆಂಬ ವರದಿ ಬಂದಿತು. ಕನ್ನಡಿ ಇನ್ನೂ ದೊಡ್ಡದಾದರೆ ಎಲ್ಲ ನೀಹಾರಿಕೆಗಳೂ ನಕ್ಷತ್ರರಾಶಿಗಳೆಂದೇ ಸಿದ್ಧವಾಗುವುದು ಎಂದು ಬಹುಮಂದಿ ನಂಬಿದರು. ವಾದವೆಲ್ಲ ಕನ್ನಡಿಯ ಗಾತ್ರದ ಮೇಲೆ ನಿಂತಿತ್ತು. ಹಗಿನ್ಸನು ದೊಡ್ಡ ಕನ್ನಡಿಯನ್ನು ಹುಡುಕಲಿಲ್ಲ; ಪ್ರಶ್ನೆಯನ್ನೇ ಬದಲಾಯಿಸಿದನು.

1864ರ ಆಗಸ್ಟ್ 29ರ ರಾತ್ರಿ ಅವನು ತನ್ನ ಎಂಟು ಅಂಗುಲದ ದೂರದರ್ಶಕವನ್ನು ಡ್ರೇಕೋ ಎಂಬ ಉತ್ತರದ ಸರ್ಪಮಂಡಲದಲ್ಲಿರುವ ಗ್ರಹನೀಹಾರಿಕೆಯೊಂದರ ಕಡೆಗೆ ತಿರುಗಿಸಿದನು. ಇಂದು ಅದನ್ನು ಬೆಕ್ಕಿನ ಕಣ್ಣಿನ ನೀಹಾರಿಕೆ ಎಂದು ಕರೆಯುತ್ತಾರೆ. ವರ್ಣಪಟಲದರ್ಶಕದೊಳಗೆ ಕಣ್ಣಿಟ್ಟಾಗ ಅವನು ನಿರೀಕ್ಷಿಸಿದ್ದ ಬಣ್ಣದ ಪಟ್ಟಿ ಅಲ್ಲಿರಲಿಲ್ಲ. ಇದ್ದುದು ಒಂದೇ ಒಂದು ಹೊಳೆಯುವ ಗೆರೆ. ಪಟ್ಟಕವು ಅಲುಗಿ, ಸೀಳಿನ ಪ್ರತಿಬಿಂಬ ಕಾಣುತ್ತಿರಬಹುದೆಂದು ಅವನು ಮೊದಲು ಶಂಕಿಸಿದನು. ಉಪಕರಣವನ್ನು ಸರಿಪಡಿಸಿ ನೋಡಿದಾಗ ಆ ಗೆರೆ ಹಾಗೆಯೇ ಇತ್ತು. ಅದರ ನೀಲಿಯ ಕಡೆಗೆ ಇನ್ನೆರಡು ಮಂಕಾದ ಗೆರೆಗಳೂ ಕಂಡವು. ಎಂಬತ್ತು ವರ್ಷಗಳ ವಾದಕ್ಕೆ ಅಂದು ಉತ್ತರ ದೊರೆಯಿತು. ಆ ನೀಹಾರಿಕೆ ನಕ್ಷತ್ರಗಳ ಗುಂಪಲ್ಲ. ಅದು ಬೆಳಗುವ ಅನಿಲ. ಮುಂದಿನ ವಾರಗಳಲ್ಲಿ ಅಭಿಜಿತ್ ನಕ್ಷತ್ರದ ಬಳಿಯ ಉಂಗುರ ನೀಹಾರಿಕೆ, ಡಂಬೆಲ್ ನೀಹಾರಿಕೆ ಮೊದಲಾದವನ್ನು ನೋಡಿದಾಗಲೂ ಗೆರೆಗಳೇ ಕಂಡವು. ಆದರೆ ಆಂಡ್ರೊಮಿಡಾದ ದೊಡ್ಡ ನೀಹಾರಿಕೆ ಮಾತ್ರ ಹರಡಿದ ಪಟ್ಟಿಯನ್ನೇ ಕೊಟ್ಟಿತು. ಅದು ನಕ್ಷತ್ರಗಳಿಂದಲೇ ಆದ ಬೇರೊಂದು ಬ್ರಹ್ಮಾಂಡವೆಂಬುದು ಈಗ ನಮಗೆ ಗೊತ್ತು. ಮಂಜಿನಂತೆ ಒಂದೇ ಬಗೆಯಾಗಿ ಕಾಣುವ ವಸ್ತುಗಳಲ್ಲಿ ಎರಡು ಜಾತಿ ಇವೆಯೆಂಬುದನ್ನು ಹಗಿನ್ಸನು ಬೆಳಕಿನ ಗುಣದಿಂದಲೇ ವಿಂಗಡಿಸಿದನು. ಮರುವರ್ಷ ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು.

ಈ ಕಥೆ ಈಗ ನಮ್ಮ ನಾಡಿಗೆ ಬರುತ್ತದೆ. ಹಗಿನ್ಸನು ನೋಡಬಲ್ಲ ಆಕಾಶಕ್ಕೆ ಒಂದು ಮಿತಿಯಿತ್ತು. ಲಂಡನ್ ನಗರವು ಉತ್ತರಕ್ಕೆ 51 ಡಿಗ್ರಿಯ ಆಚೆಗಿರುವುದರಿಂದ ದಕ್ಷಿಣಾಕಾಶದ ಬಹುಭಾಗ ಅಲ್ಲಿ ಮೂಡುವುದೇ ಇಲ್ಲ. ನಮ್ಮಲ್ಲಿ ಚಳಿಗಾಲದ ರಾತ್ರಿ ಎಲ್ಲರಿಗೂ ಕಾಣುವ ಅಗಸ್ತ್ಯ ನಕ್ಷತ್ರವನ್ನು ಲಂಡನ್ನಿನವರು ತಮ್ಮ ಊರಿನಿಂದ ಎಂದೂ ನೋಡಲಾರರು. ದಕ್ಷಿಣದ ನೀಹಾರಿಕೆಗಳನ್ನು ವಿಲಿಯಂ ಹರ್ಷೆಲನ ಮಗ ಜಾನ್ ಹರ್ಷೆಲನು ಆಫ್ರಿಕದ ಕೇಪ್ ಪ್ರಾಂತದಿಂದ ನೋಡಿ ಪಟ್ಟಿ ಮಾಡಿದ್ದನು. ಅವುಗಳ ಬೆಳಕನ್ನು ಬಿಡಿಸಿ ನೋಡುವ ಕೆಲಸ ಉಳಿದಿತ್ತು. ಆ ಕೆಲಸ ಮೂರನೆಯ ತಲೆಮಾರಿನವನ ಪಾಲಿಗೆ ಬಂದಿತು. ವಿಲಿಯಂ ಹರ್ಷೆಲನ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲನು ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಅಧಿಕಾರಿಯಾಗಿದ್ದನು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕಾಗಿ ರಾಯಲ್ ಸೊಸೈಟಿಯು ದೂರದರ್ಶಕವನ್ನೂ ವರ್ಣಪಟಲದರ್ಶಕವನ್ನೂ ಅವನಿಗೆ ಕಳುಹಿಸಿಕೊಟ್ಟಿತು. ಗ್ರಹಣವನ್ನು ಅವನು ನೋಡಿದುದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಮೋಡಗಳು ಕಾಡಿದರೂ, ನಡುನಡುವೆ ಬಿಡುವು ದೊರೆತಾಗ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಅವನು ಕಂಡನು; ಆ ಜ್ವಾಲೆಗಳೂ ಅನಿಲವೆಂದು ತಿಳಿದುಬಂದಿತು.

ಅದೇ ಉಪಕರಣವನ್ನು ಅವನು ದಕ್ಷಿಣದ ನೀಹಾರಿಕೆಗಳ ಕಡೆಗೂ ತಿರುಗಿಸಿದನು. ಬೆಂಗಳೂರಿನಲ್ಲಿ ಅವನು ನೋಡಿದ ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಎರಡನೆಯ ಪಟ್ಟಿಯು ರಾಯಲ್ ಸೊಸೈಟಿಯ ನಡವಳಿಗಳ 1868–69ರ ಸಂಪುಟದಲ್ಲಿ, ಬೆಂಗಳೂರಿನ ಹೆಸರನ್ನು ತಲೆಬರಹದಲ್ಲಿಯೇ ಹೊತ್ತು ಅಚ್ಚಾಯಿತು. ಯಾವುದು ಅನಿಲ, ಯಾವುದು ನಕ್ಷತ್ರರಾಶಿ ಎಂದು ಅಜ್ಜ ಕೇಳಿದ ಪ್ರಶ್ನೆಗೆ, ರೇಷ್ಮೆ ವ್ಯಾಪಾರಿ ತೋರಿಸಿದ ದಾರಿಯಲ್ಲಿ, ಮೊಮ್ಮಗನು ನಮ್ಮ ಊರಿನ ಆಕಾಶದಲ್ಲಿ ಉತ್ತರ ಹುಡುಕಿದನು. ಅಂದು ಬಸವನಗುಡಿಯ ಬಡಾವಣೆ ಹುಟ್ಟಿರಲಿಲ್ಲ; ಅದು ಏರ್ಪಟ್ಟುದು ಪ್ಲೇಗಿನ ಹಾವಳಿಯ ಕಾಲದಲ್ಲಿ, 1898ರಲ್ಲಿ. ಊರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದುದು 1905ರಲ್ಲಿ. 1868ರ ಬೆಂಗಳೂರಿನ ರಾತ್ರಿ ಎಷ್ಟು ಕಪ್ಪಾಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹಗಿನ್ಸನ ಕೀರ್ತಿ ಬೆಳೆಯಿತು. 1868ರಲ್ಲಿಯೇ ಅವನು ಲುಬ್ಧಕ ನಕ್ಷತ್ರದ ಗೆರೆಗಳ ಪಲ್ಲಟವನ್ನು ಅಳೆದು, ನಕ್ಷತ್ರವು ನಮ್ಮ ನೇರದಲ್ಲಿ ಚಲಿಸುವ ವೇಗವನ್ನು ಲೆಕ್ಕ ಹಾಕಲು ಯತ್ನಿಸಿದನು. ಅವನ ಅಳತೆ ಕರಾರುವಾಕ್ಕಾಗಿರಲಿಲ್ಲ. ಆದರೆ ಆ ವಿಧಾನವೇ ಮುಂದೆ ವಿಶ್ವದ ವಿಸ್ತರಣೆಯನ್ನು ತೋರಿಸಿಕೊಟ್ಟಿತು. ರಾಯಲ್ ಸೊಸೈಟಿಯು ಇನ್ನೂ ದೊಡ್ಡ ದೂರದರ್ಶಕವನ್ನು ಮಾಡಿಸಿ ಅವನ ಮನೆಯಲ್ಲಿಯೇ ಇರಿಸಿತು. ಆ ಮನೆಯಲ್ಲಿ ಕೆಪ್ಲರ್ ಎಂಬ ಹೆಸರಿನ ದೊಡ್ಡ ನಾಯಿಯೊಂದಿತ್ತು. ಕೇಳಿದ ಲೆಕ್ಕಕ್ಕೆ ಅದು ಬೊಗಳಿ ಉತ್ತರ ಹೇಳುತ್ತಿತ್ತೆಂಬುದು ಅತಿಥಿಗಳಿಗೆಲ್ಲ ವಿನೋದದ ವಿಷಯವಾಗಿತ್ತು.

1875ರಲ್ಲಿ ಹಗಿನ್ಸನು ಡಬ್ಲಿನ್ ನಗರದ ಮಾರ್ಗರೆಟ್ ಮರ್ರೆಯನ್ನು ಮದುವೆಯಾದನು. ಅವನಿಗೆ ಐವತ್ತೊಂದು ವರ್ಷ, ಆಕೆಗೆ ಇಪ್ಪತ್ತೇಳು. ಆಕೆ ಚಿಕ್ಕಂದಿನಿಂದಲೇ ನಕ್ಷತ್ರಗಳಲ್ಲಿ ಆಸಕ್ತಳಾಗಿದ್ದಳು, ಛಾಯಾಗ್ರಹಣವನ್ನೂ ಬಲ್ಲವಳಾಗಿದ್ದಳು. ಗಂಡನ ಕೆಲಸದಲ್ಲಿ ಆಕೆ ಕೇವಲ ದೀಪ ಹಿಡಿದು ನಿಂತ ಗೃಹಿಣಿಯಲ್ಲ. ಅವರ ವೀಕ್ಷಣಾ ಪುಸ್ತಕಗಳನ್ನು ಪರಿಶೀಲಿಸಿದ ಇತಿಹಾಸಕಾರರು, ಹಲವು ಪ್ರಯೋಗಗಳನ್ನು ಯೋಜಿಸಿದವಳೂ ನಡೆಸಿದವಳೂ ಆಕೆಯೇ ಎಂದು ತೋರಿಸಿದ್ದಾರೆ. ಆದರೂ ಲೇಖನಗಳು ಬಹುಕಾಲ ಗಂಡನೊಬ್ಬನ ಹೆಸರಿನಲ್ಲಿಯೇ ಬಂದವು. ಇಬ್ಬರ ಹೆಸರೂ ಕೂಡಿದ ಮೊದಲ ಲೇಖನ ಬಂದುದು 1889ರಲ್ಲಿ. 1903ರಲ್ಲಿ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯು ಆಕೆಯನ್ನು ಗೌರವ ಸದಸ್ಯಳನ್ನಾಗಿ ಮಾಡಿತು. ಹೆಂಗಸರಿಗೆ ಪೂರ್ಣ ಸದಸ್ಯತ್ವ ಕೊಡುವ ನಿಯಮ ಆಗ ಇರಲಿಲ್ಲ. ಮೊದಲ ಮಹಿಳಾ ಸದಸ್ಯರು ಆಯ್ಕೆಯಾದುದು 1916ರಲ್ಲಿ. ಆಕೆ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಹಗಿನ್ಸನ ಬಾಳನ್ನು ಹೇಳುವವರು ಈ ಅನ್ಯಾಯವನ್ನು ಹೇಳದೆ ಬಿಡಬಾರದು.

ದಂಪತಿಗಳನ್ನು ಕೊನೆಯವರೆಗೆ ಕಾಡಿದ ಸಮಸ್ಯೆಯೊಂದಿತ್ತು. 1864ರಲ್ಲಿ ಕಂಡ ಮೂರು ಗೆರೆಗಳಲ್ಲಿ ಒಂದು ಜಲಜನಕದ್ದೆಂಬುದು ಸ್ಪಷ್ಟವಾಗಿತ್ತು. ಎಲ್ಲಕ್ಕಿಂತ ಉಜ್ಜ್ವಲವಾದ ಹಸಿರು ಗೆರೆಯು ಸಾರಜನಕದ್ದಿರಬಹುದೆಂದು ಹಗಿನ್ಸನು ಮೊದಲು ಎಣಿಸಿದನು; ಸೂಕ್ಷ್ಮವಾಗಿ ಅಳೆದಾಗ ಅದು ಹೊಂದಲಿಲ್ಲ. ಅದು ಮೆಗ್ನೀಸಿಯಂ ಗೆರೆಯೆಂದು ನಾರ್ಮನ್ ಲಾಕಿಯರ್ ವಾದಿಸಿದನು. ಹಗಿನ್ಸ್ ದಂಪತಿಗಳು ಅದನ್ನು ಒಪ್ಪಲಿಲ್ಲ. 1890ರಲ್ಲಿ ಅಮೆರಿಕದ ಕೀಲರನ ಅಳತೆಗಳು ಅವರ ಪಕ್ಷವನ್ನೇ ಎತ್ತಿ ಹಿಡಿದವು. ಹಾಗಾದರೆ ಅದು ಯಾವ ವಸ್ತುವಿನದು? ಭೂಮಿಯ ಮೇಲೆ ಯಾವ ವಸ್ತುವೂ ಅಂಥ ಗೆರೆಯನ್ನು ಕೊಡುತ್ತಿರಲಿಲ್ಲ. ಕಾಣದ ಆ ವಸ್ತುವಿಗೆ ನೆಬ್ಯುಲಿಯಂ ಎಂಬ ಹೆಸರು ರೂಢಿಗೆ ಬಂದಿತು. 1900ರಿಂದ 1905ರವರೆಗೆ ಹಗಿನ್ಸನು ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. 1902ರಲ್ಲಿ ಹೊಸದಾಗಿ ಸ್ಥಾಪಿತವಾದ ಆರ್ಡರ್ ಆಫ್ ಮೆರಿಟ್ ಗೌರವಕ್ಕೂ ಪಾತ್ರನಾದನು. ಆದರೆ ಆ ಹಸಿರು ಗೆರೆಯ ಒಡೆಯನು ಯಾರೆಂದು ತಿಳಿಯದೆಯೇ 1910ರ ಮೇ 12ರಂದು ತೀರಿಕೊಂಡನು.

ಉತ್ತರ ದೊರೆತುದು 1927ರಲ್ಲಿ. ಅಮೆರಿಕದ ಐರಾ ಬೋವೆನ್ ಎಂಬ ಭೌತವಿಜ್ಞಾನಿಯು, ನೆಬ್ಯುಲಿಯಂ ಎಂಬ ವಸ್ತುವೇ ಇಲ್ಲ, ಆ ಗೆರೆ ನಾವು ಉಸಿರಾಡುವ ಆಮ್ಲಜನಕದ್ದೇ ಎಂದು ತೋರಿಸಿದನು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಪರಮಾಣುವು ಚೈತನ್ಯ ತುಂಬಿ ನಿಂತಾಗ, ಆ ಚೈತನ್ಯವನ್ನು ಈ ಹಸಿರು ಬೆಳಕಾಗಿ ಬಿಡಲು ಹಲವು ಸೆಕೆಂಡುಗಳ ಕಾಲ ಬೇಕು. ನಮ್ಮ ಗಾಳಿಯಂಥ ಸಾಂದ್ರ ಅನಿಲದಲ್ಲಿ ಅಷ್ಟು ಹೊತ್ತು ಅದು ಸುಮ್ಮನಿರಲು ಬಿಡುವಿಲ್ಲ. ಅಷ್ಟರಲ್ಲಿ ಬೇರೆ ಪರಮಾಣುಗಳು ಅದಕ್ಕೆ ಎಣಿಕೆಯಿಲ್ಲದಷ್ಟು ಬಾರಿ ಡಿಕ್ಕಿ ಹೊಡೆದಿರುತ್ತವೆ. ನೀಹಾರಿಕೆಯಾದರೋ ಅತಿ ವಿರಳ. ಅಲ್ಲಿನ ಪರಮಾಣುವಿಗೆ ಏಕಾಂತವಿದೆ; ಅದು ಬೆಳಗುತ್ತದೆ. ಗ್ರಹನೀಹಾರಿಕೆಗಳು ಹುಟ್ಟುತ್ತಿರುವ ಲೋಕಗಳಲ್ಲ, ಮುಪ್ಪಾದ ನಕ್ಷತ್ರಗಳು ಕಳಚಿದ ಹೊರಪದರಗಳು ಎಂಬ ಅಭಿಪ್ರಾಯವನ್ನು 1956ರಲ್ಲಿ ರಷ್ಯದ ಷ್ಕ್ಲೋವ್‌ಸ್ಕಿ ಮಂಡಿಸಿದನು. ಸುಮಾರು 500 ಕೋಟಿ ವರ್ಷಗಳ ಮೇಲೆ ನಮ್ಮ ಸೂರ್ಯನೂ ಇಂಥ ಸ್ಥಿತಿಗೆ ಸಮೀಪಿಸಬಹುದು.

ಇನ್ನು ನಮ್ಮ ತಾರಸಿಯ ಮಾತು. ಆಮ್ಲಜನಕದ ಈ ಜೋಡಿ ಗೆರೆಗಳ ಅಲೆಯುದ್ದ ಸುಮಾರು 496 ಮತ್ತು 501 ನ್ಯಾನೊಮೀಟರು. ಕತ್ತಲೆಗೆ ಒಗ್ಗಿದ ಮನುಷ್ಯನ ಕಣ್ಣು ಅತ್ಯಂತ ಚುರುಕಾಗಿರುವುದೂ ಹೆಚ್ಚು ಕಡಿಮೆ ಅಲ್ಲಿಯೇ, 507ರ ಆಸುಪಾಸಿನಲ್ಲಿ. ಈ ಎರಡು ಗೆರೆಗಳನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕ ಬಣ್ಣಗಳನ್ನೆಲ್ಲ ತಡೆಯುವ ಫಿಲ್ಟರು ಗಾಜುಗಳು ಈಗ ಅಂಗಡಿಯಲ್ಲಿ ದೊರೆಯುತ್ತವೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಈ ಬಿಲ್ಲೆಯನ್ನು ದೂರದರ್ಶಕದ ಕಣ್ಣುಮಸೂರಕ್ಕೆ ತಿರುಗಿಸಿ ಸೇರಿಸಬೇಕು. ಅದು ನೀಹಾರಿಕೆಯ ಬೆಳಕನ್ನು ಹೆಚ್ಚಿಸುವುದಿಲ್ಲ. ಬೀದಿದೀಪದಿಂದ ಬಿಳಚಿಕೊಂಡ ಆಕಾಶವನ್ನು ಕಪ್ಪಾಗಿಸುತ್ತದೆ. ಹಿನ್ನೆಲೆ ಕಪ್ಪಾದಾಗ ಮಂಕಾದುದು ಎದ್ದು ಕಾಣುತ್ತದೆ.

ಅಕ್ಟೋಬರ್, ನವೆಂಬರ್ ತಿಂಗಳ ಮೋಡವಿಲ್ಲದ ಸಂಜೆಗಳಲ್ಲಿ ಇದನ್ನು ಪರೀಕ್ಷಿಸಬಹುದು. ಉಂಗುರ ನೀಹಾರಿಕೆ ಚಿಕ್ಕದು, ಬೆಳಕು ಒತ್ತಾಗಿರುವುದು. ಫಿಲ್ಟರಿಲ್ಲದೆಯೂ ಸಣ್ಣ ಹೊಗೆಯುಂಗುರದಂತೆ ಕಾಣುತ್ತದೆ. ಡಂಬೆಲ್ ನೀಹಾರಿಕೆ ಒಟ್ಟು ಬೆಳಕಿನಲ್ಲಿ ಅದಕ್ಕಿಂತ ಮೇಲಾದರೂ ಅಗಲವಾಗಿ ಹರಡಿಕೊಂಡಿರುವುದರಿಂದ ನಗರದ ಆಕಾಶದಲ್ಲಿ ಕರಗಿಹೋಗುತ್ತದೆ. ಫಿಲ್ಟರು ಹಾಕಿದೊಡನೆ ಅದರ ಆಕಾರ ಹೊರಬರುತ್ತದೆ. ಬೆಕ್ಕಿನ ಕಣ್ಣು ತೀರ ಪುಟ್ಟದು. ಪಕ್ಕದ ನಕ್ಷತ್ರಗಳಲ್ಲಿ ಯಾವುದು ಅದೆಂದು ತಿಳಿಯುವುದೇ ಕಷ್ಟ. ಆಗ ಒಂದು ಉಪಾಯವಿದೆ. ಫಿಲ್ಟರನ್ನು ಬೆರಳಿನಲ್ಲಿ ಹಿಡಿದು ಕಣ್ಣಿಗೂ ಮಸೂರಕ್ಕೂ ನಡುವೆ ತಂದು ತೆಗೆಯುತ್ತಿರಬೇಕು. ನಕ್ಷತ್ರಗಳೆಲ್ಲ ಮಂಕಾಗುವಾಗ ಮಂಕಾಗದೆ ಉಳಿಯುವುದೇ ನೀಹಾರಿಕೆ. ಹಗಿನ್ಸನು ಪಟ್ಟಕದಿಂದ ಮಾಡಿದ ಪರೀಕ್ಷೆಯೇ ಇದು. ಗಾಜು ಮಾತ್ರ ಬೇರೆ. ಅರ್ಧಗಂಟೆ ಕತ್ತಲೆಯಲ್ಲಿದ್ದು ಕಣ್ಣನ್ನು ಒಗ್ಗಿಸಿಕೊಳ್ಳುವುದೂ, ವಸ್ತುವನ್ನು ನೇರವಾಗಿ ನೋಡದೆ ಕಡೆಗಣ್ಣಿನಿಂದ ನೋಡುವುದೂ ಅಗತ್ಯ. ಈ ಫಿಲ್ಟರು ಸೂರ್ಯನನ್ನು ನೋಡಲು ಎಂದಿಗೂ ತಕ್ಕುದಲ್ಲವೆಂಬುದನ್ನೂ ಮರೆಯಬಾರದು.

ಆದರೆ ಗಾಜಿನ ಶಕ್ತಿಗೂ ಎಲ್ಲೆಯಿದೆ. ಹಿಂದಿನ ಸೋಡಿಯಂ ದೀಪಗಳ ಬೆಳಕು ಬಹುಪಾಲು ಹಳದಿ ಬಣ್ಣದ್ದಾಗಿದ್ದು ಈ ಫಿಲ್ಟರಿನಲ್ಲಿ ಸುಲಭವಾಗಿ ನಿಂತುಬಿಡುತ್ತಿತ್ತು. ಈಚಿನ ಬಿಳಿಯ ಎಲ್‌ಇಡಿ ದೀಪಗಳು ಎಲ್ಲ ಬಣ್ಣಗಳನ್ನೂ ಚೆಲ್ಲುವುದರಿಂದ ಅವುಗಳ ಬೆಳಕಿನಲ್ಲಿ ಸ್ವಲ್ಪ ಪಾಲು ನೀಹಾರಿಕೆಯ ಕಂಡಿಯಲ್ಲಿಯೇ ನುಸುಳುತ್ತದೆ. ಆಂಡ್ರೊಮಿಡಾದ ಕಡೆಗೆ ತಿರುಗಿಸಿದರಂತೂ ಫಿಲ್ಟರು ಯಾವ ಸಹಾಯವನ್ನೂ ಮಾಡದು. ಆಕಾಶದೊಡನೆ ಅದನ್ನೂ ಮಂಕಾಗಿಸುತ್ತದೆ. ಏಕೆಂದರೆ ಅದರದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳ ಬೆಳಕು. 1864ರಲ್ಲಿ ಹಗಿನ್ಸನು ಎಳೆದ ಗೆರೆ ಅದೇ. ಗೆರೆಯ ಈಚೆಗಿರುವ ಕೆಲವೇ ನೀಹಾರಿಕೆಗಳನ್ನು ನಾವು ಗಾಜಿನಿಂದ ಉಳಿಸಿಕೊಂಡಿದ್ದೇವೆ. ಆಚೆಗಿರುವ ನಕ್ಷತ್ರಗಳು, ಆಕಾಶಗಂಗೆ, ಬ್ರಹ್ಮಾಂಡಗಳು ನಮ್ಮ ಬಡಾವಣೆಯ ಆಕಾಶಕ್ಕೆ ಮರಳಬೇಕಾದರೆ ದೀಪಗಳಿಗೆ ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ತಿರುಗಿಸಬೇಕು; ಅದಕ್ಕೆ ಅಂಗಡಿಯಲ್ಲಿ ದೊರೆಯುವ ಯಾವ ಗಾಜೂ ಸಾಲದು.